ಕಲ್ಲು ಮಾಸ್ತರ

ಕೆನ್ನೆಯ ಮೇಲಿನ ಸಾಬೂನಿನ ನೊರೆ ಒಣಗಿ ಚರ್ಮ ಬಿಗಿಯತೊಡಗಿದರೂ ಮಾರ್ತಾಂಡ ಇನ್ನೂ ರೇಜರ್ ಎತ್ತಿಕೊಂಡಿರಲಿಲ್ಲ. ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಗೈ ನೋಡುತ್ತ ಕೂತಿದ್ದ. ನಲವತ್ತು ದಾಟಿದ ಹೈಸ್ಕೂಲ್ ಮಾಸ್ತರನೊಬ್ಬನ ಸಾಮಾನ್ಯ ಅಂಗೈ. ಈ ಕೈ ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಲ್ಲು ಎತ್ತಿಕೊಂಡಿತ್ತೋ ಇಲ್ಲವೋ ಎಂಬುದು ಇವತ್ತು ಸಂಜೆಯೊಳಗೆ ಅವನಿಗೆ ಗೊತ್ತಾಗಬೇಕಿತ್ತು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವನೇ ನಗುತ್ತಿದ್ದ. ತಾನು ಒಬ್ಬನ ಮೇಲೆ ಕಲ್ಲು ಒಗೆದೆನೋ ಇಲ್ಲವೋ ಎಂಬುದನ್ನು ಮನುಷ್ಯ ಮರೆಯುತ್ತಾನೆಯೇ? ಮರೆತಿರಲಿಲ್ಲ, ಅದೇ ತೊಂದರೆ. ಎರಡೂ ನೆನಪಿದ್ದವು. ಬಸ್ಸಿನ ಸೀಟಿನಲ್ಲಿ ಅಲುಗದೆ ಕೂತದ್ದು ನೆನಪಿತ್ತು. ಇಳಿದು ಹೋಗಿ, ಬಿಸಿಲಿಗೆ ಕಾದ ಕಲ್ಲೊಂದನ್ನು ಎತ್ತಿ ಬೀಸಿದ್ದೂ ನೆನಪಿತ್ತು, ಬೀಸಿದ ಮೇಲೆ ಭುಜದ ಕೀಲು ಹಗುರಾದದ್ದು ಸಹ. ಮೊದಲನೆಯದು ನಡೆದದ್ದು, ಎರಡನೆಯದು ತಾನು ಬರೆದದ್ದು ಎಂದು ಬಹಳ ದಿನ ಖಾತ್ರಿಯಿತ್ತು. ಬರೆದದ್ದನ್ನು ಊರೆಲ್ಲ ನಂಬಿದ ಮೇಲೆ ಆ ಖಾತ್ರಿ ದಿನದಿನಕ್ಕೂ ಸವೆಯುತ್ತ ಬಂದು, ಈಚೆಗೆ ಅಂಗೈ ಮಡಚಿದರೆ ಸಾಕು, ನಡುವೆ ಏನೋ ಒರಟಾದದ್ದು, ಬಿಸಿಯಾದದ್ದು ಸಿಕ್ಕಂತೆ ಆಗುತ್ತಿತ್ತು.

ಸಂಜೆ ಐದಕ್ಕೆ ಶಾಲೆಯ ಆಡಳಿತ ಮಂಡಳಿಯ ಸಭೆ. ಅವನ ಮೇಲೊಂದು ಅರ್ಜಿ ಬಂದಿತ್ತು. ನಿರಪರಾಧಿಯೊಬ್ಬನಿಗೆ ತಾನೇ ಕಲ್ಲು ಹೊಡೆದೆನೆಂದು ಪುಸ್ತಕದಲ್ಲಿ ಒಪ್ಪಿಕೊಂಡಿರುವ ಮನುಷ್ಯ ಮಕ್ಕಳಿಗೆ ಪಾಠ ಹೇಳುವುದು ಸರಿಯೇ, ಮೇಲಾಗಿ ಇಡೀ ಸೀಮೆಯ ಜನರನ್ನು ಕೊಲೆಗಡುಕರೆಂದು ಬರೆದವನು, ಎಂಬುದು ಅದರ ಸಾರ. ನಿನ್ನೆ ಹೆಡ್‌ಮಾಸ್ತರ ನರಸಿಂಹರಾಯರು ತಾವಾಗಿ ಮನೆಗೆ ಬಂದು, ಚಹಾದ ಬಟ್ಟಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ ಉಪಾಯ ಹೇಳಿದ್ದರು. "ಎಲ್ಲಾ ಕಲ್ಪನಾ ಅಂದ್ಬಿಡ್ರಿ, ಮಾರ್ತಾಂಡರಾವ್. ಕಥಿಗಾರ ಕಥಿ ಕಟ್ತಾನ. ಅಂಥಾದ್ದು ಎಲ್ಲೂ ನಡದಿಲ್ಲ, ನಾ ಎಲ್ಲೂ ಇರಲಿಲ್ಲ ಅಂದ್ರ ಮುಗೀತು. ನಾವು ನಿಮ್ಮ ಹಿಂದ ಇದ್ದೇವಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಮಾರ್ತಾಂಡ ತಲೆ ಆಡಿಸಿದ್ದ. ಅವರು ಹೋದ ಮೇಲೆ ಆ ಮಾತನ್ನು ಬಾಯಲ್ಲಿ ಹೇಳಿ ನೋಡಿದ. ಎಲ್ಲಾ ಕಲ್ಪನಾ. ಹಾಗೆಂದರೆ ಕಲ್ಲು ಹೋಗುತ್ತದೆ, ಕಲ್ಲಿನ ಜೊತೆಗೆ ಪೆಟ್ಟು ತಿಂದ ಮನುಷ್ಯನೂ ಹೋಗುತ್ತಾನೆ. ಆ ಮನುಷ್ಯ ಇದ್ದ. ಅವನ ಹುಬ್ಬಿನಿಂದ ರಕ್ತ ಇಳಿದು ಕಣ್ಣು ಮುಚ್ಚಿದ್ದನ್ನು ತಾನು ನೋಡಿದ್ದ. ಆದರೆ ಎಲ್ಲಿಂದ ನೋಡಿದ್ದ, ಬಸ್ಸಿನ ಒಳಗಿನಿಂದಲೋ, ಹೊರಗಿನಿಂದಲೋ?

ಅದು ಎಪ್ಪತ್ನಾಲ್ಕರ ಬೇಸಿಗೆ. ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ, ಕಂಬ ನಿಲ್ಲುತ್ತಿಲ್ಲ, ಅದಕ್ಕೆ ಮಕ್ಕಳ ತಲೆ ಬೇಕಾಗಿದೆ, ಹಿಡಿದು ತರಲು ಜನ ಬಿಟ್ಟಿದ್ದಾರೆ ಎಂಬ ಸುದ್ದಿ ಮುಂಡರಗಿಯ ಕಡೆಯಿಂದ ಎದ್ದು ಶಿರಹಟ್ಟಿಗೆ, ಲಕ್ಷ್ಮೇಶ್ವರಕ್ಕೆ ಹೋಗಿ, ಎರಡು ಸಂತೆ ಕಳೆಯುವುದರೊಳಗೆ ಗದಗಿಗೂ ಬಂತು. ಯಾವ ಸೇತುವೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರ ಮಗುವೂ ಕಳೆದಿರಲಿಲ್ಲ. ಆದರೂ ಬಳೆಗಾರರು ಓಣಿಗೆ ಬರುವುದನ್ನು ಬಿಟ್ಟರು, ಹಿಟ್ಟಿನ ಗಿರಣಿಗೆ ಹೋದ ಹೆಂಗಸರು ಮಕ್ಕಳ ಕೈಯನ್ನು ತಮ್ಮ ಸೆರಗಿಗೆ ಕಟ್ಟಿಕೊಂಡು ನಿಂತರು. ಸ್ಟಾಫ್ ರೂಮಿನಲ್ಲಿ ಮಾಸ್ತರರು ನಕ್ಕರು, ನಕ್ಕು ತಂತಮ್ಮ ತರಗತಿಗೆ ಹೋಗಿ, ಗುರುತಿಲ್ಲದವರ ಜೊತೆ ಮಾತಾಡಬೇಡಿರೆಂದು ಮಕ್ಕಳಿಗೆ ಹೇಳಿದರು. ಮಾರ್ತಾಂಡನೂ ಹೇಳಿದ್ದ. ಹೆಗಲ ಮೇಲೆ ದೊಡ್ಡ ಗಂಟು ಹೊತ್ತವರು ಕಂಡರೆ ದೂರ ನಿಲ್ಲಿರಿ ಎಂದು ಅವನೇ ಒಂದು ವಾಕ್ಯ ಸೇರಿಸಿದ್ದ. ಅದನ್ನು ಯಾರಿಂದ ಕೇಳಿದ್ದನೋ, ಹೇಳುವಾಗ ಸ್ವತಃ ನೋಡಿದವನ ಧ್ವನಿ ಬಂದಿತ್ತು. ಈ ವಾಕ್ಯವನ್ನು ಅವನು ಕಥೆಯಲ್ಲಿ ಬರೆಯಲಿಲ್ಲ. ಕಥೆಯಲ್ಲಿ ಕಲ್ಲು ಒಗೆದ.

ತಾರಾಬಾಯಿ ಅವಲಕ್ಕಿಯ ತಾಟು ಇಟ್ಟು ಹೋಗಿದ್ದಳು. ಗಡ್ಡ ಹೇಗೋ ಮುಗಿಸಿ, ತಾಟು ಮುಟ್ಟದೆ, ಅಂಗಿ ಹಾಕಿಕೊಂಡು ಬೆಟಗೇರಿಗೆ ಹೋಗಿ ಬರುತ್ತೇನೆ ಎಂದ. ಅವಳು ಅಡುಗೆಮನೆಯಿಂದಲೇ, ನಾರಾಯಣಪ್ಪನ ಮನೆಗೇನು ಎಂದು ಕೇಳಿದಳು. ಗುಂಡಿ ಹಾಕುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಆ ಹೆಸರನ್ನು ಅವನು ಮನೆಯಲ್ಲಿ ಎಂದೂ ಎತ್ತಿರಲಿಲ್ಲ, ಘಟನೆಯಾದ ವಾರದಲ್ಲಿ ಪೇಟೆಯಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು ಅಷ್ಟೆ: ಪೆಟ್ಟು ತಿಂದವನು ಬೆಟಗೇರಿಯ ಸೀರೆ ಮಾರುವ ನಾರಾಯಣಪ್ಪನಂತೆ, ಜೀವ ಉಳಿಯಿತಂತೆ. ತಾರಾಬಾಯಿ ಕೈ ಒರೆಸಿಕೊಳ್ಳುತ್ತ ಬಂದು ಹೇಳಿದಳು, ಅವನು ವರ್ಷವರ್ಷವೂ ಈ ಓಣಿಗೆ ಬರುತ್ತಾನೆ, ಹೋದ ದೀಪಾವಳಿಗೆ ಎದುರು ಮನೆಯ ಯಮುನಾಬಾಯಿ ಅವನ ಹತ್ತಿರವೇ ಸೀರೆ ತಗೊಂಡಳು, ನಮ್ಮ ಮನೆಯ ಮುಂದೆ ಮಾತ್ರ ನಿಲ್ಲದೆ ಹೋಗುತ್ತಾನೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀವು ಕೇಳಲಿಲ್ಲ. ನಿಮಗ ಅವನ ಕಥಿ ಬೇಕಾಗಿತ್ತು, ಅಂವಾ ಬೇಕಾಗಿದ್ದಿಲ್ಲ," ಅಂದಳು. ಸಿಟ್ಟಿನಿಂದೇನೂ ಹೇಳಲಿಲ್ಲ. ತಾಟನ್ನು ಒಳಗೆ ತೆಗೆದುಕೊಂಡು ಹೋಗಿ ಮುಚ್ಚಿಟ್ಟಳು.

ಟಾಂಗಾ ಬೇಡವೆಂದು ನಡೆದೇ ಹೊರಟ. ಏಪ್ರಿಲ್ ತಿಂಗಳ ರವಿವಾರದ ಬಿಸಿಲು ಮುಂಜಾನೆಯೇ ಏರಿತ್ತು. ಹೊಟೇಲಿನ ಮುಂದೆ ಹಾಯುವಾಗ ರೂಢಿಯಂತೆ ಮುಖ ಇನ್ನೊಂದು ಕಡೆ ತಿರುಗಿತು. ಕಥೆ ಅಚ್ಚಾದ ವರ್ಷ ಈ ಹೊಟೇಲಿನಲ್ಲಿ ಅವನು ಕೂತ ಬೆಂಚಿನ ಎದುರಿನ ಮನುಷ್ಯ ತನ್ನ ಚಹಾದ ಗ್ಲಾಸು ಎತ್ತಿಕೊಂಡು ಬೇರೆ ಕಡೆ ಹೋಗಿದ್ದ. ಏನೂ ಅನ್ನಲಿಲ್ಲ, ಗ್ಲಾಸು ಎತ್ತಿಕೊಂಡ ಅಷ್ಟೆ. ಹಳ್ಳಿಯ ಹೆಸರನ್ನು ಅವನು ಕಥೆಯಲ್ಲಿ ಬರೆದಿರಲಿಲ್ಲ. ಆದರೂ ಮೂರು ಬೇರೆಬೇರೆ ಊರುಗಳಿಂದ ಜನ ಬಂದು, ಇದು ನಮ್ಮ ಊರಿನ ಮೇಲೆ ಬರೆದದ್ದು, ನಮ್ಮಲ್ಲಿ ಹೀಗೆ ನಡೆದೇ ಇಲ್ಲ ಎಂದು ಜಗಳ ಕಾಯ್ದಿದ್ದರು. ಆ ಮೂರರಲ್ಲಿ ಯಾವುದೂ ಆ ಊರಾಗಿರಲಿಲ್ಲ. ಅವನಿಗೆ ಅಂದು ಅಂಜಿಕೆಯಾದದ್ದು ಬೈಗಳಿಗಲ್ಲ. ಹಾಗಾದರೆ ಆ ಬೇಸಿಗೆಯಲ್ಲಿ ಎಷ್ಟು ಊರುಗಳಲ್ಲಿ ಎಷ್ಟು ಗಂಟುಗಳನ್ನು ಬಿಚ್ಚಿ ಎಸೆದರು ಎಂಬುದಕ್ಕೆ. ಆಮೇಲೆ ಒಂದು ದಿನ ಒಂಬತ್ತನೇ ತರಗತಿಗೆ ಹೋದರೆ ಕಪ್ಪು ಹಲಗೆಯ ಮೇಲೆ ಒಳ್ಳೆಯ ಅಕ್ಷರದಲ್ಲಿ 'ಕಲ್ಲು ಮಾಸ್ತರ' ಎಂದು ಬರೆದಿತ್ತು. ಅಳಿಸಿ, ಅದೇ ಜಾಗದಲ್ಲಿ ಷಟ್ಪದಿಯ ಗಣ ಬಿಡಿಸಿದ. ಹಿಂದಿನಿಂದ ಒಬ್ಬನಾದರೂ ನಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಯಾರೂ ನಗಲಿಲ್ಲ, ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.

ಅದಕ್ಕಿಂತ ಕೆಟ್ಟದ್ದು ಧಾರವಾಡದಲ್ಲಿ ಆಗಿತ್ತು. ಅಲ್ಲಿಯ ಗೆಳೆಯರು ಪುಸ್ತಕದ ಮೇಲೆ ಒಂದು ಸಭೆ ಇಟ್ಟುಕೊಂಡಿದ್ದರು. ಒಬ್ಬ ತರುಣ ಪ್ರಾಧ್ಯಾಪಕ ಎದ್ದು ನಿಂತು, ತನ್ನ ಪಾಪವನ್ನು ಇಷ್ಟು ಬರಿಮೈಯಲ್ಲಿ ನಿಲ್ಲಿಸಿದ ಬರಹಗಾರ ನಮ್ಮಲ್ಲಿ ಅಪರೂಪ ಎಂದ. ಸಭೆ ಮುಗಿದ ಮೇಲೆ ಅವನು ಮಾರ್ತಾಂಡನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ, ಕಣ್ಣಲ್ಲಿ ನೀರಿತ್ತು. ಆಗಲೇ ಹೇಳಬಹುದಿತ್ತು. ನಾನು ಒಗೆಯಲಿಲ್ಲಪ್ಪಾ, ಮೊದಲು ಬರೆದಾಗ ಮಾಸ್ತರ ಬಸ್ಸಿನಲ್ಲೇ ಕೂತಿದ್ದ, ಕೂತವನಿಂದ ಕಥೆ ಏಳಲಿಲ್ಲ, ಅದಕ್ಕೆ ಇಳಿಸಿದೆ, ಇಳಿಸಿದ ಮೇಲೆ ಕೈ ಖಾಲಿ ಬಿಡಲು ಆಗಲಿಲ್ಲ ಎಂದು. ಹೇಳಲಿಲ್ಲ. ಆ ಬಿಸಿ ಕೈಗಳೊಳಗೆ ತನ್ನ ಕೈ ಇರುವುದು ಹಿತವೆನಿಸಿತು. ಮಾಡದ ಪಾಪಕ್ಕೆ ಸಿಕ್ಕ ಮರ್ಯಾದೆಯನ್ನು ಕಿಸೆಯಲ್ಲಿಟ್ಟುಕೊಂಡು ರೈಲು ಹತ್ತಿ ಬಂದ. ಅಂದಿನಿಂದಲೇ ಇರಬೇಕು ಕಲ್ಲು ನಿಜವಾಗತೊಡಗಿದ್ದು. ಇಲ್ಲದಿದ್ದರೆ ಆ ಮರ್ಯಾದೆಯನ್ನು ಹಿಂತಿರುಗಿ ಕೊಡಬೇಕಾಗುತ್ತಿತ್ತು.

ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ ಹೋಗುವ ತನಕ ಸೈಕಲ್ಲಿನವರ ನಡುವೆ ನಿಂತ. ಗೇಟು ದಾಟಿ ಬೆಟಗೇರಿಯ ಓಣಿಗಳಿಗೆ ಹೊಕ್ಕರೆ ಮಗ್ಗಗಳ ಸದ್ದು ಮನೆಮನೆಯ ಗೋಡೆಯಿಂದ ಹೊರಗೆ ಬೀಳುತ್ತಿತ್ತು, ರವಿವಾರವೂ ಬಿಡುವಿಲ್ಲದೆ. ಸೈಕಲ್ ಅಂಗಡಿಯ ದಾದಾಪೀರ ಪಂಕ್ಚರ್ ತೆಗೆಯುತ್ತ ಕೂತಿದ್ದ. ನಾರಾಯಣಪ್ಪನ ಮನೆ ಕೇಳಿದಾಗ ಮೇಲಿನಿಂದ ಕೆಳಗಿನವರೆಗೆ ನೋಡಿ, ಕಥಿ ಬರದ ಮಾಸ್ತರೇನ್ರಿ ಎಂದು ಕೇಳಿದ. ಹೌದು ಅಂದ ಮಾರ್ತಾಂಡ. ದಾದಾಪೀರ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಏಳುವುದನ್ನು ನೋಡುತ್ತ, ಎಡಕ್ಕೆ ಹೊರಳಿದರೆ ನೀಲಿ ಬಾಗಿಲಿನ ಮನೆ ಎಂದ. ಮುಖದ ಮೇಲಿದ್ದದ್ದು ನಗುವೋ ಇನ್ನೇನೋ ಗೊತ್ತಾಗಲಿಲ್ಲ. ನೀಲಿ ಬಾಗಿಲ ತನಕದ ಆ ಸಣ್ಣ ದಾರಿಯಲ್ಲಿ ಮಾರ್ತಾಂಡನಿಗೆ ತಿರುಗಿ ಹೋಗಬೇಕೆನಿಸಿತು. ಒಗೆದಿದ್ದೀರಿ ಎಂದು ನಾರಾಯಣಪ್ಪ ಅಂದರೆ? ನನ್ನ ಹುಬ್ಬಿಗೆ ಬಿದ್ದದ್ದು ನಿಮ್ಮದೇ ಕಲ್ಲು ಎಂದು ಅಂದರೆ?

ಬಾಗಿಲಲ್ಲಿ ನಾರಾಯಣಪ್ಪನ ಹೆಂಡತಿ ಮಲ್ಲವ್ವ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಹೆಸರು ಹೇಳಿದರೂ ರಾಟಿ ನಿಲ್ಲಿಸಲಿಲ್ಲ. "ಕುಂಡ್ರಿ," ಎಂದು ಗೋಡೆಗೆ ಹಾಸಿದ ಚಾಪೆ ತೋರಿಸಿ, ಒಳಕ್ಕೆ ಮುಖ ಮಾಡಿ, ನಿಮ್ಮನ್ನ ಸಾಯಿಸಿದ ಮಾಸ್ತರ ಬಂದಾರ ಎಂದಳು. ಒಳಗೆ ಮಗ್ಗ ನಿಂತಿತು. ಮಗ್ಗದ ಕುಣಿಯಿಂದ ಎದ್ದು ಪಂಚೆ ಕೊಡವಿಕೊಳ್ಳುತ್ತ ಬಂದ ನಾರಾಯಣಪ್ಪ ಎತ್ತರದ ಆಳು, ಬಿಳಿಯಾದ ದಪ್ಪ ಮೀಸೆ. ಎಡ ಹುಬ್ಬನ್ನು ಎರಡು ತುಂಡು ಮಾಡಿದ ಗಾಯದ ಗುರುತನ್ನು ನೋಡಬಾರದೆಂದುಕೊಂಡೂ ಮಾರ್ತಾಂಡ ನೋಡಿದ. ಕ್ಷಮೆಯ ಮಾತು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಬಾಯಿಗೆ ಬರುವ ಮೊದಲೇ ನಾರಾಯಣಪ್ಪ ತನ್ನ ತಕರಾರು ಶುರು ಮಾಡಿದ. ಅವನ ತಮ್ಮನ ಮಗ ಬಾಬಣ್ಣ ಪುಸ್ತಕ ತಂದು ಇದೇ ಪಡಸಾಲೆಯಲ್ಲಿ ಓಣಿಯವರನ್ನೆಲ್ಲ ಕೂಡಿಸಿಕೊಂಡು ಓದಿದ್ದನಂತೆ. ಅದರಲ್ಲಿ ಪೆಟ್ಟು ಬಿದ್ದಾಗ ಮನುಷ್ಯ ಕೈ ಮುಗಿಯುತ್ತಾನೆ, ಅವ್ವಾ ಎಂದು ಅಳುತ್ತಾನೆ. ನಾನು ಅತ್ತೇ ಇಲ್ಲ, ಇಬ್ಬರ ಅಂಗಿ ಹರಿದಿದ್ದೆ, ಒಬ್ಬನ ಕೈ ಕಚ್ಚಿದ್ದೆ, ಅದೆಲ್ಲ ಎಲ್ಲಿ ಹೋಯಿತು? ಹೋಗಲಿ, ಬಡವ ಅಂತ ಬರೆದರು, ಬರಕೊಳ್ಳಲಿ. "ಆದ್ರ ಕಡೀಕೆ ನನ್ನ ಸಾಯಿಸಿಬಿಟ್ಟೀರಲ್ರಿ, ಮಾಸ್ತರ. ಈ ಓಣ್ಯಾಗ ಒಂದು ವರ್ಷ ನನ್ನ ಕಂಡಾಗೊಮ್ಮೆ, ಅಯ್ಯ ನೀ ಇನ್ನ ಅದೀಯೇನಲೇ ಅಂತ ಕೇಳ್ಯಾರ."

ಮಲ್ಲವ್ವ ರಾಟಿಯ ಮೇಲೆ ಬಗ್ಗಿ ನಗು ತಡೆದುಕೊಂಡಳು. ಮಾರ್ತಾಂಡನಿಗೆ ನಗಬೇಕೋ ಬೇಡವೋ ತಿಳಿಯದೆ ಮುಖದ ಮೇಲೆ ಏನೋ ಒಂದು ಮೂಡಿ ಅಲ್ಲೇ ನಿಂತಿತು. ಕಥೆಯ ಕೊನೆಯಲ್ಲಿ ಸಾಯಿಸಿದ್ದು ನಿಜ. ಬದುಕಿದ್ದರೆ ಅವನನ್ನು ಎದುರಿಸಬೇಕಾಗುತ್ತಿತ್ತು ಎಂಬ ಕಾರಣ ಈಗ ಈ ಚಾಪೆಯ ಮೇಲೆ ಕೂತಾಗ ಹೊಳೆಯಿತು. ನಾರಾಯಣಪ್ಪ ಎಲೆಗೆ ಸುಣ್ಣ ಹಚ್ಚುತ್ತ, ಇನ್ನೊಂದು ಕೇಳಬೇಕೆಂದಿದ್ದೆ ಎಂದ. "ಅದರಾಗ ಒಬ್ಬ ಮಾಸ್ತರ ಬಸ್ಸಿನಾಗಿಂದ ಇಳದು ಬಂದು ಕಲ್ಲ ಒಗೀತಾನಲ್ರಿ, ಅಂವ ಯಾರು? ಅಂಥಾಂವ ಅಲ್ಲಿ ಯಾರೂ ಇದ್ದಿಲ್ಲ."

"ನಾನು," ಎಂದ ಮಾರ್ತಾಂಡ.

ನಾರಾಯಣಪ್ಪ ಹೆಂಡತಿಯ ಕಡೆ ನೋಡಿ, ಮತ್ತೆ ಅವನ ಕಡೆ ನೋಡಿದ. "ನೀವಾ? ನೀವು ಇಳದ ಇಲ್ಲಲ್ರಿ."

ಎಷ್ಟು ಸರಳವಾಗಿ ಹೇಳಿದ! ಯಾರೋ ಮನೆಯಲ್ಲಿ ಇಲ್ಲವೆಂದು ಹೇಳುವ ಹಾಗೆ. ಮಾರ್ತಾಂಡ ನಂಬಲಿಲ್ಲ. ಕರುಣೆಯಿಂದ ಹೇಳುತ್ತಿದ್ದಾನೆ ಎಂದುಕೊಂಡ. ಅಷ್ಟು ಜನ, ಅಷ್ಟು ಧೂಳು, ಕಣ್ಣಿನಲ್ಲಿ ರಕ್ತ, ಯಾರು ಒಗೆದರು ಯಾರು ಬಿಟ್ಟರು ಎಂದು ನಿಮಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ. ಕೇಳುವಾಗ ತನ್ನ ಧ್ವನಿಯಲ್ಲಿ ಒಂದು ಹಠ ಇರುವುದು ಅವನಿಗೇ ಕೇಳಿಸಿತು, ತಾನೇ ಒಗೆದದ್ದು ಎಂದು ಸಾಧಿಸಲು ಬಂದವನಂತೆ. ನಾರಾಯಣಪ್ಪ ಎಲೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡ. ಮೀಸೆಯ ಹಿಂದಿನ ತಮಾಷೆ ಹೋಗಿತ್ತು.

"ಒಗದಾವ್ರು ಯಾರಂತ ನನಗ ಗೊತ್ತಿಲ್ರಿ. ಆದ್ರ ಬಸ್ಸ ನನಗ ಪಕ್ಕಾ ನೆನಪೈತಿ. ಪೆಟ್ಟ ಬೀಳೂ ಮುಂದ ನಾನು ಬಸ್ಸಿನ ಕಡೇನ ನೋಡಾಕತ್ತಿದ್ದೆ. ಆ ಬಸ್ಸಿನಾಗ ಮುಂಡರಗಿಯಿಂದ ನಿಮ್ಮ ಜೋಡಿ ಕುಂತು ಬಂದಾಂವ ನಾನು. ಸೀರಿ ಮಾರಾಕ ಆ ಊರಾಗ ಇಳದಿದ್ದೆ. ಯಾರರ ಒಬ್ರು ಇಳದು, ಇಂವ ನಮ್ಮ ಜೋಡಿ ಬಂದಾನ, ಗಂಟಿನ್ಯಾಗ ಸೀರಿ ಅದಾವ ಅಂತ ಹೇಳ್ತಾರ ಅಂದ್ಕೊಂಡಿದ್ದೆ. ಡ್ರೈವರ್ ರೇಡಿಯೇಟರಿಗೆ ನೀರ ಹಾಕಾಕತ್ತಿದ್ದ. ಇಳಿಯಾಕ ವ್ಯಾಳ್ಯಾ ಇತ್ತು. ನೀವು ಅವನ ಹಿಂದಿನ ಕಿಟಕ್ಯಾಗ ಇದ್ರಿ, ಕನ್ನಡಕ ಇತ್ತು. ಕಿಟಕಿ ಸರಳ ಹಿಡಕೊಂಡು ನನ್ನ ನೋಡಿಕೋತ ಕುಂತಿದ್ರಿ. ಬಸ್ಸ ಹೊಂಟ ಮ್ಯಾಲೂ ಹಂಗ ಹಿಡಕೊಂಡಿದ್ರಿ. ಆಮ್ಯಾಲೆ ಧೂಳ ಎದ್ದತು, ಕಾಣಲಿಲ್ಲ."

ಸರಳು. ಮಾರ್ತಾಂಡನ ಬಲಗೈ ಮಡಿಲಲ್ಲಿ ತಾನಾಗಿ ಮಡಚಿಕೊಂಡಿತು, ಮತ್ತು ಏಳು ವರ್ಷಗಳ ಮೇಲೆ ಅದರ ನಡುವೆ ಸಿಕ್ಕದ್ದು ಕಲ್ಲಾಗಿರಲಿಲ್ಲ. ತುಕ್ಕು ಹಿಡಿದು ಒರಟಾದ, ಬಿಸಿಲಿಗೆ ಕಾದ ಕಬ್ಬಿಣ. ಗದಗಿನಲ್ಲಿ ಇಳಿದು ಕೈ ಮುಖಕ್ಕೆ ಒಯ್ದಾಗ ಅದರ ವಾಸನೆ ಬಂದಿತ್ತು. ಅಲ್ಲಿಯ ಸ್ಟ್ಯಾಂಡಿನ ನಳದಲ್ಲಿ ಎರಡು ಸಲ ತೊಳೆದುಕೊಂಡಿದ್ದ, ಅಂಗೈಯಲ್ಲಿ ಕೆಂಪು ಗೆರೆ ಎದ್ದಿತ್ತು, ಮನೆಯಲ್ಲಿ ತಾರಾಬಾಯಿ ಏನಾಯಿತೆಂದು ಕೇಳಿದಾಗ ಬಸ್ಸಿನಲ್ಲಿ ನಿಂತು ಬಂದೆ ಎಂದು ಸುಳ್ಳು ಹೇಳಿದ್ದ. ಎಲ್ಲ ಸಾಲಾಗಿ ಬಂದು ನಿಂತವು, ಬರೆಯದೆ ಬಿಟ್ಟವುಗಳೆಲ್ಲ. ಇಳಿದಿರಲಿಲ್ಲ. ಒಗೆದಿರಲಿಲ್ಲ. ಕೂತಿದ್ದ. ಅವನಿಗೆ ಮೊದಲು ಉಸಿರು ಬಂತು, ಆಮೇಲೆ ಅಳು ಬಂತು. ನಾಚಿಕೆಯಾಗುವಷ್ಟು ಜೋರಾಗಿ, ಕನ್ನಡಕ ತೆಗೆಯಲೂ ಆಗದಂತೆ ಅತ್ತ. ಅಳುವಿನ ನಡುವೆಯೇ ತಾನೀಗ ಅಳುತ್ತಿರುವುದು ಇವನ ಗಾಯಕ್ಕಲ್ಲ, ತನ್ನ ಬಿಡುಗಡೆಗೆ ಎಂಬುದು ಗೊತ್ತಾಗಿ ಇನ್ನಷ್ಟು ನಾಚಿದ, ಆದರೂ ನಿಲ್ಲಲಿಲ್ಲ. ಮಲ್ಲವ್ವ ರಾಟಿ ಬಿಟ್ಟೆದ್ದು ತಂಬಿಗೆಯಲ್ಲಿ ನೀರು ತಂದಿಟ್ಟಳು. ಇಳಿಯದೆ ಕೂತದ್ದೂ ಸಣ್ಣ ತಪ್ಪಲ್ಲ ಎಂದು ಅವನು ಹೇಳಲು ಹೋದ. ಅದಕ್ಕೆ ನಾರಾಯಣಪ್ಪ ಅಲ್ಲವೆಂದೇನೂ ಹೇಳಲಿಲ್ಲ. "ಸಿಟ್ಟ ಬಂದಿತ್ತರಿ, ಖರೆ. ಆದ್ರ ಬಸ್ಸಿನ ತುಂಬ ಮಂದಿ ಇದ್ರು. ಒಬ್ಬೊಬ್ಬರ ಮ್ಯಾಲ ಎಷ್ಟಂತ ಸಿಟ್ಟ ಇಟಗೊಂಡು ತಿರಗಲಿ?" ಬಸ್ಸಿನ ಮೇಲೇ ಸಿಟ್ಟು ಮಾಡಿಕೊಂಡು ಎರಡು ವರ್ಷ ಹತ್ತಲೇ ಇಲ್ಲ, ಸೈಕಲ್ ತುಳಿದು ತುಳಿದು ಮೊಣಕಾಲು ಕೆಡಿಸಿಕೊಂಡ ಎಂದು ಮಲ್ಲವ್ವ ಸೇರಿಸಿದಳು.

ಆಮೇಲೆ, ಬಸ್ಸು ಹೋದ ಮೇಲೆ ಏನಾಯಿತು ಎಂದು ಮಾರ್ತಾಂಡ ಕೇಳಿದ. ತಾನು ಬರೆದ ಕಥೆಯ ಮುಂದಿನ ಭಾಗವನ್ನು ಓದುಗನೊಬ್ಬ ಕೇಳಿದ ಹಾಗಿತ್ತು ಅದು. ಸಾವಕ್ಕ ಎಂಬ ಮುದುಕಿ ಬಂದಳಂತೆ. ಹಿಂದಿನ ವರ್ಷ ಇವನ ಹತ್ತಿರವೇ ಕೊಂಡ ಚಿಕ್ಕಿ ಪರಾಸಪೇಟೆ ಅಂಚಿನ ಸೀರೆಯನ್ನು ಅಂದು ಉಟ್ಟಿದ್ದಳಂತೆ. ಬಿದ್ದವನ ಮೇಲೆ ಕಾಲು ಅಗಲಿಸಿ ನಿಂತು, ಸುತ್ತಲಿನವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು, ಅವರವರು ಹುಟ್ಟಿದಾಗ ಹೊಕ್ಕಳು ಕೊಯ್ದವಳು ತಾನೇ ಎಂದು ಬೈದಳಂತೆ. ಬೈಗಳ ಕೇಳಿ ಒಬ್ಬೊಬ್ಬರೇ ಸರಿದರು. ತನ್ನ ದನದ ಮನೆಯಲ್ಲಿ ಮಲಗಿಸಿ, ಅರಿಶಿನ ಮೆತ್ತಿ, ಮೈ ಬಿಸಿ ಇಳಿಯುವ ತನಕ ಇಟ್ಟುಕೊಂಡಳು. ಈಗಲೂ ಇದ್ದಾಳೆ, ಕಣ್ಣು ಮಂದವಾಗಿದೆ, ಪ್ರತಿ ಪಂಚಮಿಗೆ ಅಣ್ಣನ ಮನೆಯ ಸೀರೆ ಎಂದು ನಾರಾಯಣಪ್ಪ ತಾನೇ ನೇಯ್ದದ್ದೊಂದನ್ನು ಒಯ್ದು ಕೊಟ್ಟು ಬರುತ್ತಾನೆ. "ಅಕೀನ್ನ ಬರೀಬೇಕಿತ್ತು ನೀವು," ಎಂದ. ತನ್ನ ಬಸ್ಸು ಹೋದ ಮೇಲೂ ಆ ಊರು ಅಲ್ಲೇ ಇತ್ತು, ಅಲ್ಲಿ ಏನೇನೋ ನಡೆಯಿತು ಎಂಬ ಸಾದಾ ಸಂಗತಿ ಮಾರ್ತಾಂಡನಿಗೆ ಎಂದೂ ಹೊಳೆದಿರಲಿಲ್ಲ. ಏಳುವಾಗ ಸಂಜೆಯ ಸಭೆಯ ಸುದ್ದಿ ಹೇಳಿದ. ಬೇಕಾದರೆ ಬರುತ್ತೇನೆ ಎಂದ ನಾರಾಯಣಪ್ಪ. ಬೇಡ, ಇದಕ್ಕೆ ನಿಮ್ಮನ್ನು ಎಳೆಯುವುದಿಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡ. ನಾರಾಯಣಪ್ಪ ಮತ್ತೇನೋ ಹೇಳಲು ಬಾಯಿ ತೆರೆದವನು, ಹೋಗಲಿ ಬಿಡ್ರಿ ಎಂದು ಸುಮ್ಮನಾದ.

ಸಭೆಯಲ್ಲಿ ಅರ್ಜಿ ಕೊಟ್ಟವರ ಪರವಾಗಿ ಶಿರಹಟ್ಟಿ ಕಡೆಯ ಹೊಳೆಯಪ್ಪ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಓದಿಕೊಳ್ಳುವವನ ಹಾಗೆ ತುಟಿ ಆಡಿಸುತ್ತ. ಅಧ್ಯಕ್ಷರು ಅರಳೆ ವ್ಯಾಪಾರದ ವೃದ್ಧರು, ಕಥೆ ಓದಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಇದು ಖರೆಯೋ ಕಲ್ಪನೆಯೋ ಅಷ್ಟು ಹೇಳಿಬಿಡ್ರಿ ಎಂದರು. ನರಸಿಂಹರಾಯರು ಮೇಜಿನ ಆಚೆಯಿಂದ ಹುಬ್ಬು ಎತ್ತಿ ಧೈರ್ಯ ಕೊಟ್ಟರು. ಮಾರ್ತಾಂಡ ಎದ್ದು ನಿಂತ. ಬೆಳಿಗ್ಗೆ ಅತ್ತ ಅಳು ಅಂಜಿಕೆಯನ್ನೆಲ್ಲ ತೊಳೆದು ಹಾಕಿತ್ತು. "ಒಬ್ಬ ಮನುಷ್ಯಾನ್ನ ಸುಳ್ಳು ಸುದ್ದಿ ನಂಬಿ ಹೊಡದದ್ದು ಖರೆ. ನಾ ಕಲ್ಲು ಒಗದದ್ದು ಸುಳ್ಳು, ಅದು ನಾ ಕಟ್ಟಿದ್ದು. ಆ ಮನುಷ್ಯಾ ಸತ್ತಿಲ್ಲ, ಅದೂ ನಾ ಕಟ್ಟಿದ್ದು. ನಾ ಅವತ್ತು ಬಸ್ಸಿನಾಗ ಕೂತು ನೋಡಿದೆ. ಇಳೀಲಿಲ್ಲ. ಇಳಿಯಲಿಕ್ಕೆ ವ್ಯಾಳ್ಯಾ ಇತ್ತು." ನರಸಿಂಹರಾಯರು ಕಣ್ಣು ಮುಚ್ಚಿಕೊಂಡರು. ಹಾಗಾದರೆ ಒಗೆದವರು ಯಾರು, ಹೆಸರು ಹೇಳಿರಿ ಎಂದು ಹೊಳೆಯಪ್ಪ ಕೇಳಿದ. ತನಗೆ ಕಂಡದ್ದು ಬರೀ ಬೆನ್ನುಗಳು, ಹೆಸರು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಇನ್ನು ಹೇಳುವುದಿಲ್ಲ ಎಂದು ಮಾರ್ತಾಂಡ ಹೇಳಿದ.

ಹೊಳೆಯಪ್ಪ ಸಿದ್ಧ ಮಾಡಿಕೊಂಡು ಬಂದ ಮಾತುಗಳಿಗೆ ಹಿಡಿಯಲು ಜಾಗ ಸಿಗಲಿಲ್ಲ. ಆಗ ಮಂಡಳಿಯ ಸದಸ್ಯರಲ್ಲೊಬ್ಬರು, ಗೋಪಾಲರಾವ್ ಎಂಬ ವಕೀಲರು, ಯಾರಿಗೂ ಅಲ್ಲದ ಹಾಗೆ, ಆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲೂ ಕಂಬಳಿ ಮಾರಲು ಬಂದವನೊಬ್ಬನನ್ನು ಕಂಬಕ್ಕೆ ಕಟ್ಟಿದ್ದರು, ನಾನು ಮಾಳಿಗೆಯ ಮೇಲಿದ್ದೆ ಎಂದರು. ಹೊಳೆಯಪ್ಪ ತನ್ನ ಅಂಗಿಯ ತೋಳನ್ನು ನೋಡಿಕೊಂಡ. ಒಬ್ಬರು ಕೆಮ್ಮಿದರು. ಇನ್ನೂ ಯಾರಾದರೂ ಮಾತಾಡಿಯಾರು ಎಂಬ ಅಂಜಿಕೆ ಹುಟ್ಟಿದಂತಾಗಿ ಅಧ್ಯಕ್ಷರು ಮೇಜಿನ ಮೇಲೆ ಕೈ ಇಟ್ಟರು. ಇಳಿಯಲಿಲ್ಲ ಅಂತ ಮಾಸ್ತರರನ್ನು ತೆಗೆದರೆ ಶಾಲೆ ನಡೆಸಲು ಈ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ ಎಂದರು, ಅರ್ಧ ನಗುತ್ತ. ಅರ್ಜಿ ಅಲ್ಲಿಗೆ ಮುಗಿಯಿತು. ಚಹಾ ಬಂತು. ಹೊಳೆಯಪ್ಪ ಒಂದು ಬಟ್ಟಲನ್ನು ಮಾರ್ತಾಂಡನ ಕಡೆ ಸರಿಸಿ, ಅವನ ಪಕ್ಕದ ಕುರ್ಚಿಯಲ್ಲೇ ಕೂತು ತನ್ನದನ್ನು ಕುಡಿದ. ತನ್ನನ್ನು ಬಿಟ್ಟದ್ದು ನ್ಯಾಯವಲ್ಲ, ಎಲ್ಲರೂ ತಮ್ಮನ್ನು ತಾವು ಬಿಟ್ಟುಕೊಂಡದ್ದು ಎಂಬುದು ಮಾರ್ತಾಂಡನಿಗೆ ಕಾಣುತ್ತಿತ್ತು. ಕಂಡರೂ ಚಹಾ ರುಚಿಯಾಗಿತ್ತು.

ಹೊರಗೆ ಬಂದರೆ ಬಿಸಿಲು ಇಳಿದು ಗಾಳಿ ಬಿಟ್ಟಿತ್ತು. ಬೇವಿನ ಮರದ ಕೆಳಗೆ ಸೈಕಲ್ಲಿಗೆ ಒರಗಿ ನಾರಾಯಣಪ್ಪ ನಿಂತಿದ್ದ, ಒಗೆದ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ. ಮಾರ್ತಾಂಡ ಹತ್ತಿರ ಹೋಗಿ, ಸಾಕ್ಷಿ ಬೇಕಾಗಲಿಲ್ಲ, ಎಲ್ಲ ಮುಗಿಯಿತು, ಸುಮ್ಮನೆ ತ್ರಾಸು ತಗೊಂಡಿರಿ ಎಂದ.

"ಅದಕ್ಕ ಬಂದಿಲ್ರಿ," ಎಂದ ನಾರಾಯಣಪ್ಪ. ರುಮಾಲಿನ ಅಂಚನ್ನು ಸರಿಮಾಡಿಕೊಂಡ. "ನನ್ನ ಮೊಮ್ಮಗಳು ಈ ಸಲ ಏಳನೇತ್ತೆ ಪರೀಕ್ಷಾ ಬರದಾಳ. ಶ್ಯಾಣೆ ಅದಾಳ್ರಿ. ನಿಮ್ಮ ಸಾಲ್ಯಾಗ ಹಚ್ಚಬೇಕಂತ ಐತಿ. ಮುಂಜಾನೆ ಕೇಳಬೇಕಂದಿದ್ದೆ, ನೀವು ಅಳಾಕತ್ತಿದ್ರಿ, ಬಿಟ್ಟೆ. ಮನ್ಯಾಗ ಬೈದು ಕಳಿಸಿದ್ರು."

ಮಾರ್ತಾಂಡ ಶಾಲೆಯ ಕಡೆ ತಿರುಗಿ ನೋಡಿದ. ಹಿಂದಿನ ಕೋಣೆಯಲ್ಲಿ ಇಷ್ಟು ಹೊತ್ತು ನಡೆದದ್ದು ತಾನು ಮಕ್ಕಳ ಹತ್ತಿರ ಇರಬಹುದೋ ಬೇಡವೋ ಎಂಬ ವಿಚಾರ. ಅದನ್ನು ಈ ಮನುಷ್ಯನಿಗೆ ಹೇಳಲು ಹೋಗಿ ಬಿಟ್ಟುಬಿಟ್ಟ. ಹುಡುಗಿಯ ಹೆಸರೇನೆಂದು ಕೇಳಿದ. ಸಾವಂತ್ರೆವ್ವ ಎಂದ ನಾರಾಯಣಪ್ಪ. ಲೆಕ್ಕದಲ್ಲಿ ಮುಂದಿದ್ದಾಳೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆಟಗೇರಿಯಿಂದ ಬೆಳಿಗ್ಗೆ ತಾನು ಸೈಕಲ್ ಮೇಲೆ ತಂದು ಬಿಡುತ್ತಾನೆ, ಸಂಜೆಯದೇ ಚಿಂತೆ, ಕೆಲವು ದಿನ ಸೀರೆ ಒಯ್ದು ಊರೂರು ತಿರುಗಿ ಬರುವಷ್ಟರಲ್ಲಿ ತಡವಾಗುತ್ತದೆ. ಅಂಥ ದಿನ ತಾನೇ ರೈಲ್ವೆ ಗೇಟು ದಾಟಿಸಿ ಮನೆಯ ತನಕ ಬಿಟ್ಟು ಬರುತ್ತೇನೆ ಎಂದು ಮಾರ್ತಾಂಡ ಹೇಳಿದ. ಹೇಳಿದ ಮೇಲೆ ಅವನ ಮುಖ ನೋಡಿದ. ನಾರಾಯಣಪ್ಪ, ಹಂಗ ಮಾಡ್ರಿ, ಛಲೋ ಆತು ಎಂದು ಪೆಡಲ್ ಮೇಲೆ ಕಾಲಿಟ್ಟ. ಆ ಮಾತಿನಲ್ಲಿ ಯೋಚಿಸಬೇಕಾದದ್ದು ಏನೂ ಇಲ್ಲ ಎನ್ನುವ ಹಾಗಿತ್ತು.

"ಏನ ಬೇಕಾದ್ದು ಕಲಸ್ರಿ, ಮಾಸ್ತರ," ಎಂದ, ಹತ್ತುವ ಮೊದಲು. "ಕಥಿ ಬರಿಯೂದೊಂದು ಕಲಸಬ್ಯಾಡ್ರಿ. ಮನ್ಯಾಗ ಇನ್ನ ಯಾರ್‍ಯಾರನ್ನ ಸಾಯಸ್ತಾಳೋ."

ಮಾರ್ತಾಂಡ ನಕ್ಕ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಸೈಕಲ್ಲು ಪೇಟೆಯ ಮಂದಿಯಲ್ಲಿ ಸೇರಿ ಹೋಗುವ ತನಕ ನಿಂತು ನೋಡಿದ. ಆಮೇಲೆ ಒಮ್ಮೆಲೇ ಭಯಂಕರ ಹಸಿವಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಿರ್ಚಿ ಕರಿಯುವ ವಾಸನೆ ಬರುತ್ತಿದ್ದ ಕಡೆಗೆ, ನಾಳೆ ಪ್ರವೇಶದ ಅರ್ಜಿ ತೆಗೆದಿಡಬೇಕೆಂದು ಹುಡುಗಿಯ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ, ಜೋರಾಗಿ ಹೆಜ್ಜೆ ಹಾಕಿದ.